ಐದು ಯೆನ್ನಿನ ಋಣ

ಸಕ್ಕರೆ ಕಾಯಿಲೆಯವನಿಗೆ ಹೊಸ ಊರು ಪರಿಚಯವಾಗುವ ರೀತಿಯೇ ಬೇರೆ. ಉಳಿದವರು ಅಂಗಡಿ, ಸರ್ಕಲ್ಲು, ಬಸ್‌ಸ್ಟಾಪು ಅಂತ ಗುರುತು ಇಟ್ಟುಕೊಂಡರೆ ನಾನು ಮೊದಲು ನೋಡಿಕೊಳ್ಳುವುದು ಶೌಚಾಲಯ ಎಲ್ಲಿದೆ ಅಂತ. 2024ರ ಮೇ ಕೊನೆಯಲ್ಲಿ ತೊಂಬತ್ತು ದಿನದ ವೀಸಾ ಹಿಡಿದು ಟೋಕಿಯೋದ ನಿಶಿ-ಕಸಾಯ್‌ನಲ್ಲಿರುವ ಮಗಳ ಮನೆಗೆ ಹೋದಾಗಲೂ ಮಾಡಿದ ಮೊದಲ ಕೆಲಸ ಅದೇ. ಬೆಳಗಿನ ವಾಕಿಂಗಿನ ದಾರಿಯಲ್ಲಿ ಮೂರು ಕಡೆ ಗೊತ್ತು ಮಾಡಿಕೊಂಡೆ. ಒಂದು ರೈಲ್ವೆ ಸ್ಟೇಷನ್ನಿನದು, ಇನ್ನೊಂದು ರಾತ್ರಿ ಹಗಲೂ ತೆರೆದಿರುವ ಅಂಗಡಿಯದು. ಮೂರನೆಯದು ದೇವರ ಪಕ್ಕದ್ದು.

ಹಳೆಯ ಮನೆಗಳ ಸಾಲಿನ ನಡುವೆ ಒಂದು ಪುಟ್ಟ ಜಾಗ. ಎಡಗಡೆ ಜಾರುಬಂಡೆ, ಎರಡು ಉಯ್ಯಾಲೆ, ಮೂಲೆಯಲ್ಲಿ ಸಾರ್ವಜನಿಕ ಶೌಚಾಲಯ. ಬಲಗಡೆ ಕೆಂಪು ಬಣ್ಣದ ತೊರೀ, ಅಂದರೆ ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಅಷ್ಟೇ. ಬಾಗಿಲಿಲ್ಲದ ಬಾಗಿಲುವಾಡ. ಅದರಾಚೆ ನಮ್ಮ ಹಳ್ಳಿಯ ಮುನೇಶ್ವರನ ಗುಡಿಗಿಂತ ಒಂದು ಕೈ ದೊಡ್ಡದಾದ ಮರದ ಗುಡಿ. ಮೊದಲ ದಿನ ತುರ್ತಿನಲ್ಲಿ ಎಡಕ್ಕೆ ನುಗ್ಗಿದವನಿಗೆ ಬಲಕ್ಕೇನಿದೆ ಅಂತ ನೋಡುವ ವ್ಯವಧಾನವೇ ಇರಲಿಲ್ಲ. ಹೊರಗೆ ಬಂದು, ನಿರಾಳವಾಗಿ ಉಸಿರು ಬಿಟ್ಟು ತಲೆ ಎತ್ತಿದರೆ, ಕತ್ತಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡ ಎರಡು ಕಲ್ಲಿನ ನರಿಗಳು ನನ್ನನ್ನೇ ನೋಡುತ್ತಿದ್ದವು.

ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅನ್ನುವುದು ನಮ್ಮ ಕಡೆಯ ಮಾತು. ನನಗೆ ಮಾತ್ರ ನಾಚಿಕೆಯಾಯಿತು. ದೇವಸ್ಥಾನದ ಅಂಗಳಕ್ಕೆ ಬಂದವನು ಕೈಮುಗಿಯುವ ಮೊದಲು ಮಾಡಿದ್ದೇನು? ನಮ್ಮಲ್ಲಿ ಬಸ್‌ಸ್ಟ್ಯಾಂಡಿನಲ್ಲಾದರೂ ಐದು ರೂಪಾಯಿ ಕೊಟ್ಟು ಒಳಗೆ ಹೋಗುತ್ತೇವೆ. ಇಲ್ಲಿ ಕಾಸು ಕೇಳಲು ಮೇಜು ಹಾಕಿಕೊಂಡು ಕೂತವರು ಯಾರೂ ಇಲ್ಲ. ಜೇಬು ತಡಕಿದೆ. ಹಿಂದಿನ ದಿನ ಹಾಲು ತಂದ ಚಿಲ್ಲರೆಯಲ್ಲಿ ತೂತಿನ ಹಿತ್ತಾಳೆ ನಾಣ್ಯವೊಂದು ಉಳಿದಿತ್ತು. ಗುಡಿಯ ಮುಂದಿದ್ದ ಮರದ ಹುಂಡಿಯ ಪಟ್ಟಿಗಳ ಸಂದಿಯಲ್ಲಿ ಅದನ್ನು ಇಳಿಬಿಟ್ಟು, ಶೌಚ ಶುಲ್ಕ ಸಂದಾಯ ಅಂದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಮಗಳು ಮಾತ್ರ, “ಅಪ್ಪ, ನೀನು ಹಾಕಿದ್ದು ಸರಿಯಾದ ನಾಣ್ಯಾನೇ. ಇಲ್ಲಿನವರು ಗುಡಿಗೆ ಅದನ್ನೇ ಹುಡುಕಿ ಹಾಕ್ತಾರೆ” ಅಂದಳು. ಐದು ಯೆನ್ ಅನ್ನುವುದನ್ನು ಜಪಾನಿಯಲ್ಲಿ ‘ಗೋ ಎನ್’ ಅನ್ನುತ್ತಾರೆ. ಅದೇ ‘ಗೋಎನ್’ಗೆ ಇನ್ನೊಂದು ಅರ್ಥ ನಂಟು, ಬೆಸುಗೆ, ಯಾರೋ ಯಾರಿಗೋ ಗಂಟುಬೀಳುವ ಕಾರಣ. ಅದಕ್ಕೆ ಕನ್ನಡದಲ್ಲಿ ಏನಂತೀಯ ಅಂತ ಅಳಿಯ ಅವಳನ್ನು ಕೇಳಿದ. ಅವಳು ಯೋಚಿಸುತ್ತಿದ್ದಳು. ಅಡುಗೆಮನೆಯಿಂದ ನನ್ನ ಹೆಂಡತಿ, “ಋಣಾನುಬಂಧ, ಇನ್ನೇನು” ಅಂದಳು.

ನಾನು ಮೂವತ್ತೆಂಟು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು. ನಾಣ್ಯ ಕಂಡರೆ ಸುಮ್ಮನೆ ಬಿಡುವ ಜಾತಿಯಲ್ಲ. ಮಗಳ ಡಬ್ಬಿಯಿಂದ ಒಂದು ಐದು ಯೆನ್ ಇಸಿದುಕೊಂಡು ಕನ್ನಡಕ ಹಾಕಿಕೊಂಡು ನೋಡಿದೆ. ಮೇಲಿನಿಂದ ಬಾಗಿದ ಭತ್ತದ ತೆನೆ, ಕೆಳಗೆ ನೀರಿನ ಗೆರೆಗಳು, ತೂತಿನ ಸುತ್ತ ಯಂತ್ರದ ಹಲ್ಲುಚಕ್ರ. ಬೇಸಾಯ, ಮೀನುಗಾರಿಕೆ, ಕೈಗಾರಿಕೆ ಮೂರನ್ನೂ ಒಂದು ಬಿಲ್ಲೆಯಲ್ಲಿ ಅಡಕ ಮಾಡಿದ್ದಾರೆ. ತೂಕ 3.75 ಗ್ರಾಂ. 1949ರಿಂದ ಈ ತೂತು ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಲ್ಲಿ ಚಲಾವಣೆಯಲ್ಲಿರುವ ಬಾಕಿ ನಾಣ್ಯಗಳ ಮೇಲೆಲ್ಲ 1, 10, 50, 100, 500 ಅಂತ ಅಂಕಿ ಇದೆ. ಇದೊಂದರ ಮೇಲೆ ಅಂಕಿಯೇ ಇಲ್ಲ, ಬೆಲೆ ಬರೆದಿರುವುದು ಚಿತ್ರಲಿಪಿಯಲ್ಲಿ. ಓದಲು ಬಾರದ ಪರದೇಶಿ ಇದನ್ನು ಕೈಯಲ್ಲಿ ಹಿಡಿದರೆ ಎಷ್ಟರದ್ದು ಅಂತ ಗೊತ್ತಾಗುವುದಿಲ್ಲ. ನಮ್ಮ ಲೆಕ್ಕಕ್ಕೆ ಮೂರು ರೂಪಾಯಿಯ ಆಸುಪಾಸು.

ಅಲ್ಲಿಂದ ಅದು ಅಭ್ಯಾಸವಾಯಿತು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

ಆ ಗುಡಿ ಇನಾರಿಯದು. ನರಿ ಇರುವುದು ಹೆಸರಿನಲ್ಲೇ ಅಂತ ನಾನು ತಮಾಷೆ ಮಾಡಿದರೆ ಮೊಮ್ಮಗ ತಿದ್ದಿದ: ನರಿ ದೇವರಲ್ಲ, ದೇವರ ಜವಾನ. ಇನಾರಿ ಅಂದರೆ ಭತ್ತದ, ಫಸಲಿನ, ಈಗೀಗ ವ್ಯಾಪಾರದ ದೇವತೆ. ಮೂಲಸ್ಥಾನ ಕ್ಯೋತೋದ ಫುಶಿಮಿ, 711ರಲ್ಲಿ ಶುರುವಾಯಿತೆಂದು ಹೇಳುತ್ತಾರೆ. ಅಲ್ಲಿ ಬೆಟ್ಟದುದ್ದಕ್ಕೂ ಸಾವಿರಾರು ಕೆಂಪು ತೊರೀಗಳು. ಫೋಟೋ ತೆಗೆಸಿಕೊಳ್ಳುವವರ ಜಾತ್ರೆ. ದೇಶದಲ್ಲಿರುವ ಸುಮಾರು 80,000 ಶಿಂತೋ ಗುಡಿಗಳಲ್ಲಿ ಇನಾರಿಯವೇ ಬಹಳ. ಟೋಕಿಯೋಗೆ ಎದೋ ಅಂತ ಹೆಸರಿದ್ದ ಕಾಲದಲ್ಲಿ, ಈ ಊರಿನಲ್ಲಿ ಎಲ್ಲಿ ನೋಡಿದರೂ ಕಾಣುವುದು ಮೂರೇ, ಇಸೆಯಾ ಎಂಬ ಹೆಸರಿನ ಅಂಗಡಿ, ಇನಾರಿ ಗುಡಿ, ನಾಯಿ ಹೇಲು ಅನ್ನುವ ಮಾತಿತ್ತಂತೆ. ಮೂರನೆಯದು ಈಗ ಕಾಣುವುದಿಲ್ಲ. ನಾಯಿ ಹಿಡಿದು ಹೊರಟವರ ಕೈಯಲ್ಲೆಲ್ಲ ಒಂದು ಚೀಲ ಇರುತ್ತದೆ. ಇನಾರಿ ಮಾತ್ರ ಡಿಪಾರ್ಟ್‌ಮೆಂಟ್ ಸ್ಟೋರುಗಳ ತಾರಸಿಯ ಮೇಲೂ ಉಳಿದುಕೊಂಡಿದ್ದಾನೆ. ಅಥವಾ ಉಳಿದುಕೊಂಡಿದ್ದಾಳೆ. ಇನಾರಿ ಗಂಡೋ ಹೆಣ್ಣೋ ಅನ್ನುವುದನ್ನು ಜಪಾನೀಯರು ಇತ್ಯರ್ಥ ಮಾಡಿಕೊಂಡಿಲ್ಲ, ಮಾಡಿಕೊಳ್ಳುವ ಅವಸರವೂ ಇದ್ದಂತಿಲ್ಲ.

ನಮ್ಮ ನರಿಗಳಲ್ಲಿ ಒಂದರ ಬಾಯಲ್ಲಿ ಕಣಜದ ಬೀಗದಕೈ, ಇನ್ನೊಂದರ ಬಾಯಲ್ಲಿ ಗುಂಡನೆಯ ರತ್ನ. ರತ್ನದ ನರಿಯ ಮೂಗು ಚೂರು ಮುಕ್ಕಾಗಿತ್ತು. ಅದರ ಪಾದದ ಹತ್ತಿರ ಒಂದು ದಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡು ತುಂಡು ಅಬುರಾಗೆ ಇಟ್ಟಿದ್ದರು. ಎಣ್ಣೆಯಲ್ಲಿ ಕರಿದ ಸೋಯಾ ಗಿಣ್ಣು ಅದು, ನರಿಗೆ ಪ್ರಾಣವಂತೆ. ಅದನ್ನು ಚೀಲದ ಹಾಗೆ ಬಿಡಿಸಿ ಒಳಗೆ ಅನ್ನ ತುಂಬಿದರೆ ಇನಾರಿ-ಜುಶಿ. ಮೀನಿಲ್ಲದ ಸುಶಿ ಅಂತ ನನ್ನ ಹೆಂಡತಿ ಧೈರ್ಯಮಾಡಿ ತಿಂದದ್ದು ಇದೊಂದನ್ನೇ. ಅದರೊಳಗೂ ಮೀನಿನ ಸಾರು ಬೆರೆತಿರುತ್ತದೆಂದು ಅಳಿಯ ನನ್ನ ಕಿವಿಯಲ್ಲಿ ಹೇಳಿದ. ನಾನು ಅವಳಿಗೆ ಹೇಳಲಿಲ್ಲ.

ಅವಳಿಗೆ ಆ ಗುಡಿಯ ಬಗ್ಗೆ ಮೊದಲೇ ಮೂರು ತಕರಾರಿದ್ದವು. ಒಂದನೆಯದು, ಇವರು ದೇವರಿಗೆ ಕಾಮಿ ಅನ್ನುತ್ತಾರೆ. “ಕೃಷ್ಣನಿಗಾದರೆ ಹೇಗೋ ಒಪ್ಪಿಕೊಳ್ಳಬಹುದು, ಎಲ್ಲಾ ದೇವರಿಗೂ ಹಾಗೇ ಕರೆಯೋದೇನ್ರೀ?” ಎರಡನೆಯದು, ತೀರ್ಥ ಇಲ್ಲ, ಮಂಗಳಾರತಿ ಇಲ್ಲ, ಪ್ರಸಾದ ಅಂತ ಒಂದು ಕಲ್ಲುಸಕ್ಕರೆಯೂ ಇಲ್ಲ. ಮೂರನೆಯದೇ ದೊಡ್ಡದು. ಬಾಗಿಲು ಮುಚ್ಚಿದೆ. ಒಳಗೆ ಯಾವ ಮೂರ್ತಿ, ಎಷ್ಟು ಕೈ, ಯಾವ ಅಲಂಕಾರ, ಏನೊಂದೂ ಕಾಣುವುದಿಲ್ಲ. ದರ್ಶನವೇ ಇಲ್ಲದ ಮೇಲೆ ದೇವಸ್ಥಾನ ಅಂತ ಯಾಕೆ ಅನ್ನಬೇಕು?

ತೀರ್ಥದ ವಿಷಯದಲ್ಲಿ ನಾನು ಆಗಲೇ ಪೆಟ್ಟು ತಿಂದಿದ್ದೆ. ಗುಡಿಯ ಮುಂದೆ ಕಲ್ಲಿನ ತೊಟ್ಟಿ, ಅದರ ಮೇಲೆ ಉದ್ದ ಹಿಡಿಯ ಬಿದಿರಿನ ಸೌಟು. ಒಂದು ಭಾನುವಾರ ಮೊಮ್ಮಗನ ಜೊತೆ ಹೋದವನು ಸೌಟಿನಿಂದ ನೀರನ್ನು ಬಲ ಅಂಗೈಗೆ ಹಾಕಿಕೊಂಡು, ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ. ಅರವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು. ಏಳು ವರ್ಷದ ಹುಡುಗ ಹಣೆಗೆ ಕೈ ಹಚ್ಚಿಕೊಂಡ. “ತಾತ! ಅದು ಕುಡಿಯೋ ನೀರಲ್ಲ, ತೊಳೆಯೋ ನೀರು!” ಆಮೇಲೆ ಪಾಠವಾಯಿತು. ಒಂದೇ ಒಂದು ಸೌಟು ನೀರು ತುಂಬಿಕೊಳ್ಳಬೇಕು. ಅದರಲ್ಲೇ ಮೊದಲು ಎಡಗೈ, ಆಮೇಲೆ ಬಲಗೈ. ಮತ್ತೆ ಎಡ ಅಂಗೈಗೆ ಸ್ವಲ್ಪ ಸುರಿದುಕೊಂಡು ಬಾಯಿ ಮುಕ್ಕಳಿಸಿ ಪಕ್ಕಕ್ಕೆ ಉಗುಳಬೇಕು. ಸೌಟು ತುಟಿಗೆ ತಾಗಬಾರದು. ಇನ್ನೊಮ್ಮೆ ಎಡಗೈ. ಕೊನೆಗೆ ಉಳಿದ ನೀರು ಹಿಡಿಯ ಮೇಲೆ ಹರಿದು ಬರುವ ಹಾಗೆ ಸೌಟನ್ನು ನೆಟ್ಟಗೆ ಎತ್ತಬೇಕು, ಮುಂದಿನವರಿಗೆ ಹಿಡಿ ಶುದ್ಧವಾಗಿರಲಿ ಅಂತ. ಅಷ್ಟಕ್ಕೆ ನೀರು ಸಾಲಬೇಕು. ನನಗೆ ಮೂರು ಸಲವೂ ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಸೌಟು ಬರಿದು. ಕ್ಯಾಷಿಯರನಾಗಿದ್ದವನಿಗೆ ಹೀಗೆ ಬಜೆಟ್ ತಪ್ಪಬಾರದಿತ್ತು.

ಆಮೇಲೆ ನಾಣ್ಯ, ಗಂಟೆಯ ಹಗ್ಗ ಜಗ್ಗುವುದು, ಎರಡು ಸಲ ಸೊಂಟ ಬಗ್ಗಿಸುವುದು, ಎರಡು ಚಪ್ಪಾಳೆ, ಕೈಜೋಡಿಸಿ ಮನಸ್ಸಿನಲ್ಲಿ ಹೇಳಿಕೊಳ್ಳುವುದು, ಕೊನೆಗೊಂದು ನಮಸ್ಕಾರ. ಇಜುಮೋದ ದೊಡ್ಡ ಗುಡಿಯಲ್ಲಿ ನಾಲ್ಕು ಚಪ್ಪಾಳೆಯಂತೆ, ಸಾಮಾನ್ಯಕ್ಕೆ ಎರಡು. “ಚಪ್ಪಾಳೆ ಯಾಕೋ, ಭಜನೆಯಾ?” ಅಂದೆ. “ನಾನು ಬಂದಿದೀನಿ ಅಂತ ಕಾಮಿಗೆ ಗೊತ್ತಾಗ್ಬೇಕಲ್ಲ ತಾತ” ಅಂದ.

ಆ ಮಾತು ತಲೆಯಲ್ಲಿ ಉಳಿಯಿತು. ನಾವು ದೇವರನ್ನು ನೋಡಲು ಹೋಗುತ್ತೇವೆ. ಇವರು ದೇವರಿಗೆ ತಾವು ಬಂದದ್ದನ್ನು ತಿಳಿಸಲು ಹೋಗುತ್ತಾರೆ. ಹೆಂಡತಿಗೆ ಇದನ್ನು ಹೇಳಿದೆ, ಜೊತೆಗೆ ನಮ್ಮೂರನ್ನೂ ನೆನಪಿಸಿದೆ. ನಾವು ಹಾಸನದವರು. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಹಾಸನಾಂಬೆಯ ಬಾಗಿಲು ತೆಗೆದರೆ ದೀಪಾವಳಿ ಮುಗಿಯುತ್ತಲೇ ಮುಚ್ಚಿಬಿಡುತ್ತಾರೆ. ಉಳಿದ ಹನ್ನೊಂದು ತಿಂಗಳು ಮುಚ್ಚಿದ ಬಾಗಿಲಿಗೇ ಕೈಮುಗಿದು ಬೆಳೆದವಳು ಇವಳು. “ಅದು ಬೇರೆ,” ಅಂದಳು, “ಅಮ್ಮ ಒಳಗಿದಾಳೆ ಅಂತ ಗೊತ್ತು. ವರ್ಷಕ್ಕೊಮ್ಮೆಯಾದರೂ ಕಾಣ್ತಾಳೆ.”

ಇಲ್ಲಿ ವರ್ಷಕ್ಕೊಮ್ಮೆಯೂ ಕಾಣುವುದಿಲ್ಲ ಅನ್ನುವುದು ನಿಜ. ಒಳಗಿರುವುದು ಒಂದು ಕನ್ನಡಿಯಾಗಿರಬಹುದು, ಕಲ್ಲಾಗಿರಬಹುದು. ಎಷ್ಟೋ ಗುಡಿಗಳಲ್ಲಿ ಅರ್ಚಕರೂ ಬಿಚ್ಚಿ ನೋಡುವುದಿಲ್ಲ. ಬಿಚ್ಚಿ ನೋಡಿದ ಒಬ್ಬ ಹುಡುಗನ ಕಥೆ ಮಾತ್ರ ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಫುಕುಜಾವಾ ಯುಕಿಚಿ, ಹುಟ್ಟಿದ್ದು 1835ರಲ್ಲಿ. ಮುಂದೆ ಕೇಯೋ ವಿಶ್ವವಿದ್ಯಾಲಯ ಕಟ್ಟಿದವರು. ಬಾಲ್ಯದಲ್ಲಿ ಬಂಧುಗಳ ಮನೆಯ ಇನಾರಿ ಗೂಡನ್ನು ತೆಗೆದು ನೋಡಿದರೆ ಒಳಗೆ ಒಂದು ಕಲ್ಲು. ಅದನ್ನು ಎಸೆದು ಬೇರೊಂದು ಕಲ್ಲು ಇಟ್ಟರು. ಹಬ್ಬ ಬಂತು, ಬಾವುಟ ಏರಿಸಿ, ಡೋಲು ಬಡಿದು, ಹೆಂಡ ನಿವೇದಿಸಿ ಜನ ಪೂಜೆ ಮಾಡಿದರು. ನಾನಿಟ್ಟ ಕಲ್ಲಿಗೆ ಅಡ್ಡಬೀಳುತ್ತಿದ್ದಾರೆ ಅಂತ ಹುಡುಗನಿಗೆ ಒಳಗೊಳಗೇ ನಗು. ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ದೇವರ ಶಾಪ ತಟ್ಟಿತೇ ಅಂದರೆ, 1984ರಿಂದ ನಲವತ್ತು ವರ್ಷ 10,000 ಯೆನ್ ನೋಟಿನ ಮೇಲೆ ಅವರದೇ ಮುಖ. ವ್ಯಾಪಾರ ವೃದ್ಧಿ ಮಾಡುವ ಇನಾರಿ ಇದಕ್ಕಿಂತ ಹೆಚ್ಚು ಏನು ಕೊಡಬೇಕು? ನಾನಿದ್ದಾಗಲೇ, ಜುಲೈ 3ರಂದು, ಹೊಸ ನೋಟು ಬಂತು. ಅಳಿಯ ಗರಿಗರಿ ನೋಟು ತಂದು ತೋರಿಸಿದ. ಫುಕುಜಾವಾ ಹೋಗಿ ಶಿಬುಸಾವಾ ಎಯಿಚಿ ಬಂದಿದ್ದರು. 1873ರಲ್ಲಿ ಜಪಾನಿನ ಮೊದಲ ಬ್ಯಾಂಕು ಕಟ್ಟಿದವರು! ನೋಟಿನ ಮೇಲೆ ಬ್ಯಾಂಕಿನವನೊಬ್ಬನ ಮುಖ ಕಂಡು ನನಗಾದ ಸಂತೋಷ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ನನ್ನ ಅನಿಸಿಕೆ ಕೇಳಿದರೆ, ಆ ಹುಡುಗ ನಕ್ಕದ್ದು ಸರಿ, ಆದರೆ ಲೆಕ್ಕದಲ್ಲಿ ಒಂದು ತಪ್ಪು ಮಾಡಿದ. ಜನ ಅಡ್ಡಬಿದ್ದದ್ದು ಕಲ್ಲಿಗೆ ಅಂತ ಅಂದುಕೊಂಡ. ಕಲ್ಲನ್ನು ಅವರು ಯಾವತ್ತೂ ನೋಡಿಯೇ ಇರಲಿಲ್ಲವಲ್ಲ.

ಬೆಳಗಿನ ಹೊತ್ತು ಉಯ್ಯಾಲೆಯ ಪಕ್ಕದ ಬೆಂಚಿನಲ್ಲಿ ಕೂತು ಬರುವವರನ್ನು ನೋಡುತ್ತಿದ್ದೆ. ಕೋಟು ಹಾಕಿ ಸ್ಟೇಷನ್ನಿಗೆ ಓಡುವವನೊಬ್ಬ ಬ್ಯಾಗು ಕೆಳಗಿಡದೆಯೇ ಎರಡು ಚಪ್ಪಾಳೆ ತಟ್ಟಿ ಹತ್ತು ಸೆಕೆಂಡಿನಲ್ಲಿ ಮಾಯ. ನಾಯಿಯ ಜೊತೆ ಬಂದ ಹೆಂಗಸು ತೊರೀಯ ಹೊರಗೇ ತಲೆಬಾಗಿ ಹೋಗುತ್ತಿದ್ದಳು. ತೊರೀಯ ಕೆಳಗೆ ಯಾರೂ ನಟ್ಟನಡುವೆ ನಡೆಯುವುದಿಲ್ಲ; ನಡು ದೇವರ ದಾರಿ, ಮನುಷ್ಯರಿಗೆ ಅಂಚು. ಅರ್ಚಕ ಮಾತ್ರ ಒಂದು ದಿನವೂ ಕಾಣಲಿಲ್ಲ. ಇಂಥ ಸಣ್ಣ ಗುಡಿಗಳಿಗೆ ಖಾಯಂ ಅರ್ಚಕರಿರುವುದಿಲ್ಲ. ಒಬ್ಬರೇ ಹತ್ತಾರು ಗುಡಿ ನೋಡಿಕೊಳ್ಳುತ್ತಾರೆ, ಹಬ್ಬಕ್ಕೆ ಬಂದು ಹೋಗುತ್ತಾರೆ. ಕಸ ಗುಡಿಸುವುದು, ಕಾಗದದ ಮಾಲೆ ಬದಲಿಸುವುದು, ಹುಲ್ಲಿನ ಹಗ್ಗ ಹೊಸೆದು ಕಟ್ಟುವುದೆಲ್ಲ ಬೀದಿಯವರ ಪಾಲಿಗೆ. ಸುತ್ತಲಿನ ಕಲ್ಲುಬೇಲಿಯ ಒಂದೊಂದು ಕಂಬದ ಮೇಲೂ ದಾನಿಗಳ ಹೆಸರು ಕೊರೆದಿದೆ. ಇದನ್ನು ನೋಡಿ ನನ್ನ ಹೆಂಡತಿಗೆ ಮೊದಲ ಸಲ ಆ ಗುಡಿಯ ಮೇಲೆ ವಿಶ್ವಾಸ ಹುಟ್ಟಿತು. ಟ್ಯೂಬ್‌ಲೈಟಿನ ಉದ್ದಕ್ಕೂ ದಾನಿಯ ಹೆಸರು ಬರೆಸಿ ಬೆಳಕೇ ಬಾರದ ಹಾಗೆ ಮಾಡುವ ಊರಿನಿಂದ ಬಂದವರಲ್ಲವೇ ನಾವು. ಈ ಬೀದಿ ಇರುವ ಕಸಾಯ್ 1960ರ ದಶಕದವರೆಗೂ ಮೀನು ಹಿಡಿಯುವವರ, ನೋರಿ ಅನ್ನುವ ಕಡಲಪಾಚಿ ಬೆಳೆದು ಒಣಗಿಸುವವರ ಊರು. ಆಮೇಲೆ ಸಮುದ್ರಕ್ಕೆ ಮಣ್ಣು ತುಂಬಿ ಅಪಾರ್ಟ್‌ಮೆಂಟು ಎಬ್ಬಿಸಿದರು. 2000ದ ಸುಮಾರಿಗೆ ಕಂಪ್ಯೂಟರ್ ಕೆಲಸದ ನಮ್ಮವರು ಬಂದು ಇಳಿದರು. ನನ್ನ ಮಗಳು ಇರುವುದು ಹಿಂದೆ ಸಮುದ್ರವಿದ್ದ ಜಾಗದಲ್ಲಿ. ಗುಡಿ ಇರುವುದು ಹಿಂದೆಯೂ ನೆಲವಿದ್ದ ಜಾಗದಲ್ಲಿ.

ಇಷ್ಟು ಚಿಕ್ಕ ಗುಡಿ ಉಳಿದದ್ದೇ ದೊಡ್ಡದು. 1906ರಲ್ಲಿ ಅಲ್ಲಿನ ಸರ್ಕಾರ ಸಣ್ಣ ಗುಡಿಗಳನ್ನೆಲ್ಲ ದೊಡ್ಡ ಗುಡಿಗಳೊಳಗೆ ವಿಲೀನ ಮಾಡಹೊರಟಿತು. ಊರಿಗೊಂದು ಸಾಕು, ಖರ್ಚು ಕಮ್ಮಿ, ಆಡಳಿತ ಸುಲಭ. ನಮ್ಮ ಬ್ಯಾಂಕನ್ನು ವಿಲೀನ ಮಾಡಿದಾಗಲೂ ಸುತ್ತೋಲೆಯಲ್ಲಿ ಇದೇ ಮಾತುಗಳಿದ್ದವು. ಎರಡು ಲಕ್ಷದಷ್ಟಿದ್ದ ಗುಡಿಗಳಲ್ಲಿ ಹತ್ತು ವರ್ಷದೊಳಗೆ ಸುಮಾರು 70,000 ಇಲ್ಲವಾದವು, ಅವುಗಳ ಸುತ್ತಲ ದೇವರಕಾಡು ಮರದ ವ್ಯಾಪಾರಿಗಳ ಪಾಲಾಯಿತು. ಇದಕ್ಕೆ ಎದುರು ನಿಂತವರು ವಾಕಾಯಾಮಾ ಸೀಮೆಯ ಮಿನಾಕಾತಾ ಕುಮಾಗುಸು, ಕೊಳೆತ ಮರದ ಮೇಲಿನ ಲೋಳೆಬೂಷ್ಟು ಅಧ್ಯಯನ ಮಾಡುವ ಪಂಡಿತರು. ಗುಡಿ ಹೋದರೆ ಕಾಡು ಹೋಗುತ್ತದೆ, ಕಾಡು ಹೋದರೆ ಹಕ್ಕಿ ಹೋಗಿ ಹುಳ ಹೆಚ್ಚುತ್ತದೆ, ರೈತ ಕೆಡುತ್ತಾನೆ ಅಂತ ಪತ್ರದ ಮೇಲೆ ಪತ್ರ ಬರೆದರು. 1910ರಲ್ಲಿ ಸಭೆಯೊಂದಕ್ಕೆ ನುಗ್ಗಿ ಗಲಾಟೆ ಮಾಡಿ ಸೆರೆಮನೆಗೂ ಹೋದರು. 1929ರಲ್ಲಿ ಚಕ್ರವರ್ತಿಗೆ ಆ ಬೂಷ್ಟಿನ ಮಾದರಿಗಳನ್ನು ಒಪ್ಪಿಸಿದ್ದು ಕ್ಯಾರಮೆಲ್ ಮಿಠಾಯಿಯ ದೊಡ್ಡ ಡಬ್ಬಿಗಳಲ್ಲಿ. ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ ಈ ಮನುಷ್ಯ ಹೇಳಿದ್ದು ಬೇಗ ಅರ್ಥವಾಗುತ್ತದೆ. ನಮ್ಮ ಇನಾರಿಯ ಕಾಡು ಅಂದರೆ ಒಂದೇ ಒಂದು ಗಿಂಕೋ ಮರ. ಅದರ ಸೊಂಟಕ್ಕೂ ಹುಲ್ಲಿನ ಹಗ್ಗ ಕಟ್ಟಿದ್ದರು.

ಜುಲೈ ಹೊತ್ತಿಗೆ ನನಗೊಂದು ಚಿಂತೆ ಹತ್ತಿತು. ಅಳಿಯ ಊಟಕ್ಕೆ ಕೂತಾಗ ಹೇಳಿದ್ದು: 2022ರ ಜನವರಿಯಿಂದ ಅಲ್ಲಿನ ಅಂಚೆ ಬ್ಯಾಂಕು ನಾಣ್ಯ ಕಟ್ಟಲು ಶುಲ್ಕ ಹಾಕಿದೆ. ಎಟಿಎಮ್ಮಿಗೆ 25 ನಾಣ್ಯದವರೆಗೆ ಹಾಕಿದರೆ 110 ಯೆನ್. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ಇಪ್ಪತ್ತೈದು ದಿನ ಹಾಕಿದ ಐದೈದು ಯೆನ್ ಒಟ್ಟು 125. ಅದನ್ನು ಯಂತ್ರಕ್ಕೆ ಸುರಿದರೆ ಶುಲ್ಕ ಕಳೆದು ಗುಡಿಗೆ ದಕ್ಕುವುದು 15 ಯೆನ್. ಒಂದು ಯೆನ್ನಿನ ನಾಣ್ಯ ಹಾಕುವವರಿಂದಂತೂ ದೇವರಿಗೆ ಕೈಯಿಂದ ನಷ್ಟ. ಕೆಲವು ಗುಡಿಗಳವರು ಚಿಲ್ಲರೆಯನ್ನು ಹತ್ತಿರದ ಅಂಗಡಿಗಳಿಗೆ ಕೊಟ್ಟು ನೋಟು ತೆಗೆದುಕೊಳ್ಳುವುದೂ ಉಂಟಂತೆ.

ನನಗೆ ಹಳೆಯದೆಲ್ಲ ನೆನಪಾಯಿತು. ಹೋಬಳಿ ಶಾಖೆಯಲ್ಲಿದ್ದಾಗ ಜಾತ್ರೆ ಮುಗಿದ ವಾರ ತಹಶೀಲ್ದಾರರ ಸಮ್ಮುಖದಲ್ಲಿ ಹುಂಡಿ ಒಡೆಯುತ್ತಿದ್ದರು. ಗೋಣಿಚೀಲದಲ್ಲಿ ಬಂದ ಚಿಲ್ಲರೆಯನ್ನು ಜಮಖಾನದ ಮೇಲೆ ಸುರಿದುಕೊಂಡು ಕೂರುತ್ತಿದ್ದೆವು. ಕುಂಕುಮ, ಎಣ್ಣೆ, ಕರ್ಪೂರದ ಕಿಟ್ಟ ಹತ್ತಿ ನಾಲ್ಕೈದು ನಾಣ್ಯ ಒಂದಕ್ಕೊಂದು ಅಂಟಿರುತ್ತಿದ್ದವು, ಉಗುರಿನಲ್ಲಿ ಬಿಡಿಸಬೇಕು. ಸಂಜೆಗೆ ಹತ್ತು ಬೆರಳೂ ಕೆಂಪು. ನಡುವೆ ಹರಕೆ ಚೀಟಿ, ಬೆಳ್ಳಿಯ ಕಣ್ಣು, ಒಮ್ಮೆ ಒಂದು ಹಾಲುಹಲ್ಲು. ಆಗ ಬೈದುಕೊಂಡೇ ಎಣಿಸಿದ್ದೆ. ಆದರೆ ಹಾಗೆ ಎಣಿಸಿ ಎಣಿಸಿ ಕಿವಿ ಪಳಗಿತ್ತು. ಹುಂಡಿಗೆ ಬಿದ್ದ ನಾಣ್ಯದ ಸದ್ದು ಕೇಳಿದರೆ ಒಳಗೆ ಎಷ್ಟು ತುಂಬಿದೆ ಅಂತ ಹೇಳುತ್ತಿದ್ದೆ. ನಮ್ಮ ಇನಾರಿಯ ಪೆಟ್ಟಿಗೆಯೂ ಮೇ ಕೊನೆಯಲ್ಲಿ ‘ಟಿಣ್’ ಅನ್ನುತ್ತಿದ್ದದ್ದು ಜುಲೈ ಹೊತ್ತಿಗೆ ‘ಚಿಣ್’ ಅನ್ನುತ್ತಿತ್ತು. ತಳ ಮುಚ್ಚಿ ಒಂದು ಪದರ ಬಂದಿದೆ ಅಂತ ಅರ್ಥ.

ಶಾಲೆಗೆ ರಜೆ ಬಂದ ಮೇಲೆ ಬೆಳಗ್ಗೆ ಆರೂವರೆಗೆ ಅಂಗಳದಲ್ಲಿ ರೇಡಿಯೋ ಕಸರತ್ತು. 1928ರಿಂದ ನಡೆದುಬಂದದ್ದು. ಪಿಯಾನೋ ನುಡಿಯುತ್ತದೆ, ಮಕ್ಕಳು ಮುದುಕರು ಒಟ್ಟಿಗೆ ಕೈಕಾಲು ಆಡಿಸುತ್ತಾರೆ, ಮಕ್ಕಳ ಕತ್ತಿನ ಕಾರ್ಡಿಗೆ ದಿನಕ್ಕೊಂದು ಮುದ್ರೆ. ಮೊಮ್ಮಗನ ಹಿಂದೆ ನಾನೂ ನಿಂತೆ. ಮೂರನೆಯ ದಿನ ಮುದ್ರೆ ಒತ್ತುವ ಅಜ್ಜ ನನಗೂ ಒಂದು ಕಾರ್ಡು ಕೊಟ್ಟರು. ಮೂವತ್ತೆಂಟು ವರ್ಷ ಎಲ್ಲರ ಚಲನ್ನಿಗೆ ಸೀಲು ಒತ್ತಿದವನ ಕಾರ್ಡಿಗೆ ಯಾರೋ ಸೀಲು ಒತ್ತಿದರು.

ಹೊರಡುವ ದಿನ ಬೆಳಗ್ಗೆ ಹೆಂಡತಿ ತಾನೂ ಬರುತ್ತೇನೆಂದಳು. ಜೇಬಿನಲ್ಲಿ ಐದು ಯೆನ್ ಇರಲಿಲ್ಲ. ಮಗಳ ಡಬ್ಬಿಯನ್ನು ನಾನೇ ಖಾಲಿ ಮಾಡಿದ್ದೆ, ಮಗಳು ಅಳಿಯ ಇಬ್ಬರೂ ಹಾಲಿಗೂ ಕಾರ್ಡು ಉಜ್ಜುವವರು. ಮೊಮ್ಮಗ ತನ್ನ ಕಪ್ಪೆಯ ಪರ್ಸು ಬಿಚ್ಚಿ ಒಂದು ನಾಣ್ಯ ಕೊಟ್ಟ. “ಇದು ಸಾಲ, ತಾತ. ಮುಂದಿನ ಸಲ ವಾಪಸ್ ಕೊಡ್ಬೇಕು” ಅಂದ.

ಅಂಚಿನಲ್ಲೇ ನಡೆದು ಹೋದೆವು. ಸೌಟಿನ ನೀರು ಅವಳಿಗೆ ಮೊದಲ ಸಲಕ್ಕೇ ಸರಿಯಾಗಿ ಸಾಕಾಯಿತು. ನಾನು ನಾಣ್ಯ ಹಾಕಿದೆ. ‘ಟೊಕ್’ ಅಂತು.

ಹಾಗೇ ನಿಂತುಬಿಟ್ಟೆ. ನಾಣ್ಯದ ಮೇಲೆ ನಾಣ್ಯ ಬಿದ್ದ ಸದ್ದಲ್ಲ ಅದು. ಬರೀ ಮರದ ಸದ್ದು.

“ಏನಾಯ್ತ್ರೀ? ಚಪ್ಪಾಳೆ ಹೊಡೀರಿ” ಅಂದಳು.

“ಯಾರೋ ನಿನ್ನೆ ಎಣಿಸಿಕೊಂಡು ಹೋಗಿದಾರೆ ಕಣೆ. ಒಳಗೆ ಏನೂ ಇಲ್ಲ. ಇವತ್ತಿನ ಆರಂಭ ಶಿಲ್ಕು ಸೊನ್ನೆ, ಮೊದಲನೇ ಜಮಾ ನಮ್ಮದೇ, ಐದು ಯೆನ್.”

ಅವಳು ಮುಚ್ಚಿದ ಬಾಗಿಲನ್ನು ಒಂದು ಗಳಿಗೆ ನೋಡಿದಳು. ಸೆರಗು ಸರಿಮಾಡಿಕೊಂಡು ಎರಡು ಚಪ್ಪಾಳೆ ತಟ್ಟಿದಳು, ನನಗಿಂತ ಜೋರಾಗಿ. ಕಣ್ಣುಮುಚ್ಚಿ ಏನೋ ಹೇಳಿಕೊಂಡು, ತಿರುಗಿ, ಜಾರುಬಂಡೆಯ ಕಡೆ ಕೈ ತೋರಿಸಿದಳು.

“ಅಲ್ಲಿಗೂ ಒಂದು ಸಲ ಹೋಗಿ ಬಂದುಬಿಡಿ. ಏರ್‌ಪೋರ್ಟ್ ಬಸ್ಸು ದಾರೀಲಿ ಎಲ್ಲೂ ನಿಲ್ಲಿಸೋದಿಲ್ಲವಂತೆ.”